ಶಾಸನಕ್ಕೆ ಬಾರದ ಹಿತ್ತಿಲು

ಉತ್ತರಾ ಮಳೆ ಸರಿದು ಹಸ್ತಾ ಮಳೆ ಕಾಲಿಡುವುದು ಸೆಪ್ಟೆಂಬರ್ ತಿಂಗಳ ಕೊನೆಗೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಿನ ಎರೆಭೂಮಿಯಲ್ಲಿ ಆಗ ಹಿಂಗಾರಿ ಬಿತ್ತನೆಯ ಗಡಿಬಿಡಿ. ಗಂಡಸರು ಕೂರಿಗೆಯ ಬೆನ್ನು ಹತ್ತಿದ ಆ ದಿನಗಳಲ್ಲಿಯೇ ಮನೆಯ ಹಿಂದಿನ ಹಿತ್ತಿಲಿನಲ್ಲಿ ಇನ್ನೊಂದು ಬೇಸಾಯ ಸದ್ದಿಲ್ಲದೆ ತೊಡಗುತ್ತದೆ. ಅದು ಹೆಂಗಸರದು. ಈ ಸೀಮೆಯ ವರ್ಷದ ಮಳೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದೇ ದೊಡ್ಡ ಪಾಲು. ಬಾವಿಯ ನೀರು ಕೈಗೆಟುಕುವಂತೆ ಮೇಲೇರುವುದೂ ಆಗಲೇ. ಆದ್ದರಿಂದ ಶರತ್ಕಾಲವೇ ಇಲ್ಲಿ ಹಿತ್ತಿಲಿನ ಯುಗಾದಿ.

ತೋಟಗಳ ವಿಷಯದಲ್ಲಿ ನಮ್ಮ ಶಾಸನಗಳು ಮೌನವಾಗಿವೆಯೆಂದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಮತ್ತರುಗಳ ಲೆಕ್ಕದ ಭೂಮಿಯ ಜೊತೆಗೆ ದೇವರ ಹೂದೋಟ, ಎಲೆದೋಟ, ಗಾಣಗಳು ಮತ್ತೆ ಮತ್ತೆ ಬರುತ್ತವೆ. ಗದುಗಿನ ತೋಂಟದಾರ್ಯ ಮಠದ ಹೆಸರಿನಲ್ಲಿಯೇ ತೋಟವಿದೆ. ದೂರದ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತ ಸಿದ್ಧಲಿಂಗ ಯತಿಗಳಿಂದ ಬಂದ ಹೆಸರದು. ಆದರೆ ಬದನೆಯ ನಾಲ್ಕು ಸಾಲು, ಮೆಂತ್ಯೆಯ ಎರಡು ಮಡಿ, ಇವನ್ನು ಯಾರು ಕಲ್ಲಿನಲ್ಲಿ ಕೊರೆಸಿಯಾರು? ದಾನಕ್ಕೂ ವ್ಯಾಜ್ಯಕ್ಕೂ ಒಳಗಾಗದ ನೆಲ ಶಾಸನಕ್ಕೆ ಬರುವುದು ಅಪರೂಪ.

ಗ್ರಂಥಗಳು ತುಸು ಉದಾರ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದು 1007ರಲ್ಲಿ. ಅದೇ ತಲೆಮಾರಿನಲ್ಲಿ, 1025ರ ಸುಮಾರಿಗೆ, ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದನು. ನೆಲದಡಿಯ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಅಡುಗೆ, ಈ ಮೂರನ್ನೂ ಅವನು ಒಂದೇ ಗ್ರಂಥದಲ್ಲಿ ತಂದನು. ಬಾವಿ, ಗಿಡ, ಒಲೆ: ಹಿತ್ತಿಲಿನ ಲಕ್ಷಣವೇ ಇದಲ್ಲವೆ? ಸುಮಾರು ಐದು ನೂರು ವರ್ಷಗಳ ಬಳಿಕ, ಹದಿನಾರನೆಯ ಶತಮಾನದ ಆರಂಭದಲ್ಲಿ, ದಕ್ಷಿಣದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಬರೆದಾಗ ಬದನೆಕಾಯಿಗೆ ದೊಡ್ಡ ಮನ್ನಣೆ ಕೊಟ್ಟನು. ಮೆಣಸಿನಕಾಯಿ ಮಾತ್ರ ಅವನ ಅಡುಗೆಮನೆಯಲ್ಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ.

ಇಲ್ಲಿ ನಾವು ತುಸು ನಿಲ್ಲಬೇಕು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಜರು 1510ರಲ್ಲಿ ಗೋವೆಯನ್ನು ಹಿಡಿದ ಅನಂತರದ ಕಾಲದಲ್ಲಿ ಅದು ಕರಾವಳಿಯಿಂದ ಘಟ್ಟ ಹತ್ತಿ ಬಂತು. ನಮ್ಮವರು ಅದಕ್ಕೆ ಹೊಸ ಹೆಸರನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಮೆಣಸಿನ ಖಾರವನ್ನು ಅದರಲ್ಲಿ ಕಂಡು ಮೆಣಸಿನಕಾಯಿ ಎಂದರು. ಟೊಮೇಟೊ, ಬಟಾಟೆ, ಪೇರಲ, ಶೇಂಗಾ ಎಲ್ಲವೂ ಆ ಖಂಡದವೇ. ಬಟಾಟೆಯಂತೂ ತನ್ನ ಪೋರ್ಚುಗೀಜ್ ಹೆಸರನ್ನು ಇಂದಿಗೂ ಬಿಟ್ಟಿಲ್ಲ. ಇನ್ನೂ ಸೋಜಿಗವೆಂದರೆ, ಮಹಾನವಮಿಯಂದು ಆಯುಧಗಳಿಗೂ ದೀಪಾವಳಿಯಂದು ಬಾಗಿಲಿಗೂ ಏರುವ ಚೆಂಡುಹೂ ಮೂಲತಃ ಮೆಕ್ಸಿಕೋದ್ದು. ಪೂಜೆಯ ಹೊತ್ತಿನಲ್ಲಿ ಅದರ ಊರನ್ನು ಯಾರೂ ಕೇಳುವುದಿಲ್ಲ. ಅವರೆ, ಹೀರೆ, ಸೌತೆ, ಬದನೆಗಳು ಇಲ್ಲಿಯ ಬಹು ಹಳೆಯ ಒಕ್ಕಲುಗಳು. ಆದರೆ ಒಂದೇ ಹಿತ್ತಿಲಿನಲ್ಲಿ ಹಳಬರಿಗೂ ಹೊಸಬರಿಗೂ ಪಂಕ್ತಿಭೇದವಿಲ್ಲ.

ಹೊರಗಿನಿಂದ ಬಂದದ್ದು ನಮ್ಮದಾದುದು ಹೇಗೆ? ಬೀಜ ಹಿಡಿಯುವುದರಿಂದ ಎಂದು ನನ್ನ ತಿಳಿವಳಿಕೆ. ಶರತ್ಕಾಲದ ಕೆಲಸಗಳನ್ನು ನೋಡಿ. ಕೊತ್ತಂಬರಿಯನ್ನು ಕಾಲಡಿಯಲ್ಲಿ ಹೊಸಕಿ ಇಬ್ಭಾಗ ಮಾಡಿ ಮಡಿಗೆ ಉದುರಿಸುವರು. ಬದನೆಯ ಅಗಿಗಳನ್ನು ಸಂಜೆಯ ತಂಪಿನಲ್ಲಿ ನಡುವರು. ಮುಂಗಾರಿನ ಉಳ್ಳಾಗಡ್ಡಿಯನ್ನು ಕಿತ್ತು ನೆರಳಿನಲ್ಲಿ ಹರವಿ, ಗುಂಡಗೆ ಬಿಗಿಯಾದ ಗಡ್ಡೆಗಳನ್ನು ಬೇರೆ ತೆಗೆದು ಮತ್ತೆ ನೆಲದಲ್ಲಿ ಹೂಳುವರು. ಅವು ಹೂವೆತ್ತಿ ಬೀಜ ಕೊಡುವುದು ಚಳಿ ಕಳೆಯುವಾಗ. ಹೀರೆ, ಸೌತೆಯ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಗಡಿಗೆಗೆ ತುಂಬುವರು, ಇಲ್ಲವೆ ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವರು. ನವರಾತ್ರಿಯ ಘಟಸ್ಥಾಪನೆಯಲ್ಲಿ ಒಂಬತ್ತು ದಿನ ಕಾಳುಗಳನ್ನು ಮೊಳೆಯಿಸುವ ಆಚಾರವೂ ನನಗೆ ಬೀಜಪರೀಕ್ಷೆಯಂತೆಯೇ ತೋರುತ್ತದೆ. ಪಂಡಿತರು ಒಪ್ಪಲಿ, ಬಿಡಲಿ. ಮುಂದೆ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಬುತ್ತಿಯೊಳಗಿನ ಪಲ್ಲೆ ಇದೇ ಹಿತ್ತಿಲಿನದು.

ಬೆಂಗಳೂರಿನ ಸಂಸ್ಥೆಯೊಂದು 1973ರಲ್ಲಿ ಟೊಮೇಟೊ ಮತ್ತು ದೊಣ್ಣೆಮೆಣಸಿನಕಾಯಿಗಳ ಮಿಶ್ರತಳಿ ಬೀಜವನ್ನು ಮಾರಾಟಕ್ಕೆ ತಂದಿತು. ಪೊಟ್ಟಣದ ಬೀಜ ಇಳುವರಿಯಲ್ಲಿ ಸೋಲುವುದಿಲ್ಲ; ಅದನ್ನು ಹಳಿಯುವುದು ನ್ಯಾಯವಲ್ಲ. ಆದರೆ ಮಿಶ್ರತಳಿಯ ಕಾಯಿಯಿಂದ ತೆಗೆದ ಬೀಜ ಮರುವರ್ಷ ಅದೇ ಗುಣದ ಗಿಡವನ್ನು ಕೊಡದು. ಮೆಣಸಿನಕಾಯಿಯನ್ನು ನಾಲ್ಕು ಶತಮಾನಗಳ ಕಾಲ ಬೂದಿಯಲ್ಲಿ ಹೊರಳಿಸಿ ತನ್ನದಾಗಿಸಿಕೊಂಡ ಕೈಗೆ ಇಲ್ಲಿ ಕೆಲಸವಿಲ್ಲ.

ಲಕ್ಷ್ಮೇಶ್ವರದ ನಮ್ಮ ಹಿತ್ತಿಲಿನಲ್ಲಿ ಅಜ್ಜಿ ಬಳ್ಳಿಯ ಮೊದಲ ಒಳ್ಳೆಯ ಹೀರೆಕಾಯಿಗೆ ಹಳೆಯ ಸೀರೆಯಂಚಿನ ದಾರವೊಂದನ್ನು ಕಟ್ಟಿಬಿಡುತ್ತಿದ್ದಳು. ದಾರ ಕಂಡ ಕಾಯಿಯನ್ನು ಮನೆಯಲ್ಲಿ ಯಾರೂ ಹರಿಯುವಂತಿರಲಿಲ್ಲ, ಬೀಗರು ಬಂದರೂ ಸರಿಯೆ. ಅದು ಬಳ್ಳಿಯಲ್ಲಿಯೇ ಒಣಗಿ, ಗಾಳಿಗೆ ಗಿಲಿಗಿಲಿ ಎನ್ನತೊಡಗಿದ ಮೇಲೆ ಅಡುಗೆಮನೆಯ ಜಂತಿಗೆ ಏರುತ್ತಿತ್ತು.