ಹಳದಿಯ ಕೈಮರ

ಆಲ್ಪ್ಸ್ ಪರ್ವತಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಶಿಖರಗಳ ಚರಿತ್ರೆಯನ್ನೇ ಬರೆದಿರುವರು. 1786ರಲ್ಲಿ ಬಾಲ್ಮಾ, ಪಕ್ಕಾರ್ ಎಂಬಿಬ್ಬರು ಮೋಂ ಬ್ಲಾಂ ಪರ್ವತದ ನೆತ್ತಿಯನ್ನು ಮೆಟ್ಟಿದುದು, 1865ರಲ್ಲಿ ಮ್ಯಾಟರ್‌ಹಾರ್ನನ್ನು ಗೆದ್ದು ಇಳಿಯುತ್ತಿದ್ದ ಏಳು ಮಂದಿಯಲ್ಲಿ ನಾಲ್ವರು ಹಗ್ಗ ಹರಿದು ಪ್ರಪಾತಕ್ಕೆ ಉರುಳಿದುದು, ಇಂಥವೆಲ್ಲ ಗ್ರಂಥಗಳಲ್ಲಿ ಸವಿಸ್ತಾರವಾಗಿ ದೊರೆಯುತ್ತವೆ. ಆದರೆ ತಂದೆತಾಯಿಗಳು ಬುತ್ತಿಯನ್ನು ಬೆನ್ನಿಗೇರಿಸಿ, ಮಕ್ಕಳನ್ನು ಮುಂದೆ ಬಿಟ್ಟುಕೊಂಡು, ರಜೆಯ ದಿನಗಳನ್ನು ಬೆಟ್ಟದ ಕಾಲುದಾರಿಗಳಲ್ಲಿ ಕಳೆಯುವ ಪದ್ಧತಿಯು ಸ್ವಿಟ್ಜರ್ಲೆಂಡಿನಲ್ಲಿ ಹೇಗೆ ಬೇರೂರಿತೆಂಬುದನ್ನು ತಿಳಿಯಬೇಕಾದವರು, ಶಿಖರದ ಗೊಡವೆಯನ್ನು ಬಿಟ್ಟು, ದಾರಿ ಕವಲೊಡೆಯುವಲ್ಲಿ ನಿಂತಿರುವ ಹಳದಿಯ ಕೈಮರವನ್ನು ನೋಡಬೇಕು.

ವಿಹಾರಾರ್ಥವಾಗಿ ಆ ಬೆಟ್ಟಗಳನ್ನು ಅರಸಿ ಬಂದವರಲ್ಲಿ ಮುಂದಾಳುಗಳು ಆಂಗ್ಲರು. 1863ರಲ್ಲಿ ಥಾಮಸ್ ಕುಕ್ ಕರೆತಂದ ಮೊದಲ ಸ್ವಿಸ್ ಪ್ರವಾಸದ ತಂಡದಲ್ಲಿದ್ದ ಸ್ತ್ರೀಯರು ನೆಲ ಗುಡಿಸುವ ನಿಲುವಂಗಿಗಳಲ್ಲಿಯೇ ಗೆಮ್ಮಿ ಕಣಿವೆಮಾರ್ಗವನ್ನು ನಡೆದು ದಾಟಿದರು. 1871ರಲ್ಲಿ ರಿಗ್ಗೆನ್‌ಬಾಖನೆಂಬ ಯಂತ್ರಶಿಲ್ಪಿಯು ರಿಗಿ ಬೆಟ್ಟಕ್ಕೆ ಹಲ್ಲುಕಂಬಿಯ ರೈಲನ್ನು ಹತ್ತಿಸಿದ ಮೇಲಂತೂ ನಡೆಯುವ ಶ್ರಮವೂ ತಪ್ಪಿತು. ಈತನ ಕೈಕೆಳಗೆ ಪಳಗಿದ ರೋಮಾನ್ ಆಬ್ಟನು ಸುಧಾರಿಸಿದ ಹಲ್ಲುಕಂಬಿಯೇ ಮೇಟುಪಾಳ್ಯದಿಂದ ಕೂನೂರಿನ ಏರನ್ನು ಹತ್ತಿಸಿ ಉದಕಮಂಡಲಕ್ಕೆ ನಮ್ಮವರನ್ನೂ ಮುಟ್ಟಿಸುತ್ತಿರುವುದರಿಂದ, ಆ ವಿದ್ಯೆಗೆ ನಾವು ಕೂಡ ಋಣಿಗಳೇ.

ಮುಂದೆ ಮೋಟಾರು ಬಂದಿತು. ಗ್ರೌಬುಂಡೆನ್ ಎಂಬ ಪ್ರಾಂತದ ಸರ್ಕಾರವು ಅದನ್ನು 1900ರಲ್ಲಿ ತನ್ನ ರಸ್ತೆಗಳ ಮೇಲೆ ನಿಷೇಧಿಸಲು, ಅಲ್ಲಿಯ ಜನ ಮತ್ತೆ ಮತ್ತೆ ಮತ ಹಾಕಿ ಆ ನಿಷೇಧವನ್ನು 1925ರ ತನಕ ಉಳಿಸಿಕೊಂಡರು. ಆ ಹಟಕ್ಕೆ ಇಂದು ನಗುವವರಿರಬಹುದು. ಬೆಟ್ಟದ ಇಕ್ಕಟ್ಟಾದ ತಿರುವಿನಲ್ಲಿ ಮಗುವನ್ನು ಬಂಡೆಗೆ ಒತ್ತಿ ನಿಲ್ಲಿಸಿಕೊಂಡು, ಮೈಮೇಲೆ ಬಂದ ವಾಹನಕ್ಕೆ ದಾರಿ ಬಿಟ್ಟವರು ನಗಲಾರರು. ಯೂರಿ ಮತ್ತು ಗ್ಲಾರುಸ್ ಪ್ರಾಂತಗಳ ನಡುವಣ ಕ್ಲೌಸನ್ ಕಣಿವೆಮಾರ್ಗದಲ್ಲಾದರೋ 1922ರಿಂದ ಮೋಟಾರುಗಳ ಪಂದ್ಯವೇ ನಡೆಯತೊಡಗಿತು. ಜ್ಯೂರಿಕ್ ಸರೋವರದ ದಡದ ಮೈಲೆನ್ ಊರಿನ ಉಪಾಧ್ಯಾಯನಾದ ಯೋಹಾನ್ ಯಾಕೋಬ್ ಎಸ್ಸನು ತನ್ನ ಶಾಲೆಯ ಮಕ್ಕಳನ್ನು ನಡೆಸಿಕೊಂಡು ಹೊರಟಾಗ ವಾಹನಗಳ ಧೂಳನ್ನು ಕುಡಿಯಬೇಕಾಗಿ ಬಂದುದು ಇದೇ ಹಾದಿಯಲ್ಲಿ. ನಡೆಯುವವರಿಗೆ ಬೇರೆಯೇ ದಾರಿ ಬೇಕು, ಆ ದಾರಿಗೆ ದೇಶದಾದ್ಯಂತ ಒಂದೇ ಗುರುತು ಬೇಕು ಎಂಬ ಆತನ ಸಂಕಲ್ಪಕ್ಕೆ ಓಟ್ಟೋ ಬಿಂಡರ್ ಎಂಬಾತನೂ ಜೊತೆಗೂಡಲು, 1934ರ ಡಿಸೆಂಬರಿನಲ್ಲಿ ಕಾಲುದಾರಿಗಳ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ಕ್ಲೌಸನ್ನಿನ ಆ ಕಾಲದ ಮೋಟಾರು ಪಂದ್ಯಗಳು ಕೊನೆಗೊಂಡುದೂ ಅದೇ ವರ್ಷ. ಇದನ್ನು ಕಾಕತಾಳೀಯವೆಂದೇ ಎಣಿಸತಕ್ಕದ್ದು.

ಎಸ್ಸನು ಬಯಸಿದ ಆ ಗುರುತೇ ಹಳದಿಯ ಕೈಮರ. ಅಂಥದೊಂದರ ಮುಂದೆ ನಿಂತು ನೋಡೋಣ. ಕಂಬದ ಮೇಲಿನ ಬಿಳಿಯ ಫಲಕದಲ್ಲಿ ನಿಂತ ಸ್ಥಳದ ಹೆಸರೂ ಸಮುದ್ರಮಟ್ಟದಿಂದ ಅದರ ಎತ್ತರವೂ ಇರುತ್ತವೆ. ತುದಿ ಚೂಪಾದ ಹಳದಿಯ ಹಲಗೆಗಳ ಮೇಲೆ ಕಪ್ಪಕ್ಷರಗಳಲ್ಲಿ ಮುಂದಿನ ಊರುಗಳ ಹೆಸರುಗಳಿದ್ದು, ಅವುಗಳ ಎದುರಿಗೆ ಮೈಲಿಯಾಗಲಿ ಕಿಲೋಮೀಟರಾಗಲಿ ಇರದೆ ಗಂಟೆ ಮಿನಿಟುಗಳು ಮಾತ್ರ ಇರುತ್ತವೆ. ಸಮನೆಲದಲ್ಲಿ ಗಂಟೆಗೆ 4.2 ಕಿಲೋಮೀಟರು ನಡಿಗೆಯೆಂದು ಹಿಡಿದು, ಏರಿಳಿತಗಳಿಗೆ ತಕ್ಕಂತೆ ಅದನ್ನು ತಿದ್ದಿ ಕಟ್ಟಿದ ಲೆಕ್ಕವಿದು. ವಿಶ್ರಾಂತಿಯ ಹೊತ್ತು ಇದರಲ್ಲಿ ಸೇರಿಲ್ಲ. ಬೆಟ್ಟ ಹತ್ತುವವನಿಗೆ ದೂರವೆಂಬುದು ಬಹುಮಟ್ಟಿಗೆ ನಿರರ್ಥಕವಾದ ಸಂಖ್ಯೆ. ಕತ್ತಲಾಗುವ ಮುನ್ನ ತಲಪುವೆವೋ ಇಲ್ಲವೋ ಎಂಬುದೇ ಮಕ್ಕಳೊಂದಿಗೆ ಹೊರಟವರ ಚಿಂತೆ. ಬರಿಯ ಹಳದಿಯ ಹಲಗೆಯಿದ್ದರೆ ಯಾರಾದರೂ ನಡೆಯಬಹುದು. ಅದರ ತುದಿಗೆ ಬಿಳಿ ಕೆಂಪು ಬಿಳಿ ಪಟ್ಟೆಯಿದ್ದರೆ ಕಡಿದಾದ ಬೆಟ್ಟದ ದಾರಿಯಾದುದರಿಂದ ಕಾಲು ಗಟ್ಟಿಯಿರಬೇಕು. ಹಲಗೆಯೇ ನೀಲಿಯಾಗಿದ್ದು ಪಟ್ಟೆಯೂ ಬಿಳಿ ನೀಲಿ ಬಿಳಿಯಾಗಿದ್ದರೆ ಸಂಸಾರಸಮೇತ ಬಂದವರು ಹಿಂದಿರುಗುವುದೇ ಲೇಸು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಶತ್ರುಸೈನ್ಯಕ್ಕೆ ದಾರಿ ತೋರಿಸಿಯಾವೆಂಬ ಭಯದಿಂದ ಈ ಫಲಕಗಳನ್ನು ಕಿತ್ತು ತೆಗೆಯಬೇಕಾಯಿತು. ಶಾಂತಿಯ ನಂತರ ಅವು ಮತ್ತೆ ಎದ್ದವು. ಆದರೆ ದಾರಿಯಿದ್ದರೂ ಖರ್ಚಿಗೆ ಹಣವಿಲ್ಲದವನು ಮನೆಯಲ್ಲಿಯೇ ಉಳಿಯುವನಷ್ಟೆ. ಆ ಕೊರತೆಯನ್ನು ನೀಗಲೆಂದು 1939ರಲ್ಲಿ ಹುಟ್ಟಿದ ರೇಕಾ ಎಂಬ ಪ್ರವಾಸನಿಧಿಯು, ಕಾರ್ಮಿಕ ಕುಟುಂಬಗಳು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ರಜೆಗೆಂದು ಹಣ ಕೂಡಿಡುವ ಏರ್ಪಾಡನ್ನು ಕಲ್ಪಿಸಿತು. ಪರ್ವತದ ಗಾಳಿಯು ಹೋಟೆಲಿನ ಅತಿಥಿಗಳ ಸೊತ್ತಾಗಿದ್ದುದು ತಪ್ಪಿದುದಕ್ಕೆ, ನನ್ನ ಮಟ್ಟಿಗೆ, ಶಿಖರವಿಜಯಿಗಳೆಲ್ಲರ ಸಾಹಸಕ್ಕಿಂತ ಈ ಚಿಲ್ಲರೆ ಉಳಿತಾಯವೇ ದೊಡ್ಡ ಕಾರಣ.

ಕಾಲುದಾರಿಗೆ ರಾಜ್ಯಾಂಗದಲ್ಲಿ ಸ್ಥಾನ ದೊರೆತದ್ದು 1979ರ ಫೆಬ್ರವರಿಯ ಜನಮತದಿಂದ. ರಾಷ್ಟ್ರಮಟ್ಟದಲ್ಲಿ ಸ್ತ್ರೀಯರಿಗೆ ಮತಾಧಿಕಾರ ಬಂದು ಆಗ ಎಂಟು ವರ್ಷಗಳಷ್ಟೇ ಕಳೆದಿದ್ದವು. ಮತ ನೀಡಿದವರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವರು ಒಪ್ಪಿದರು. ಇದನ್ನನುಸರಿಸಿ ಬಂದ 1985ರ ಕಾನೂನು, ಯಾವುದಾದರೊಂದು ಕಾಲುದಾರಿಯು ಮುಚ್ಚಿಹೋದರೆ, ಕಡಿದುಹೋದರೆ, ಅಥವಾ ವಾಹನಗಳ ಸಂಚಾರ ಹೆಚ್ಚಿಯೋ ಡಾಂಬರು ಬಿದ್ದೋ ನಡೆಯುವವರಿಗೆ ಒಗ್ಗದಂತಾದರೆ, ಸ್ಥಳದ ಪರಿಸ್ಥಿತಿಯನ್ನು ನೋಡಿಕೊಂಡು ಅದಕ್ಕೆ ಬದಲಾಗಿ ಮತ್ತೊಂದನ್ನು ಒದಗಿಸತಕ್ಕದ್ದೆಂದು ವಿಧಿಸಿತು. ಸುಮಾರು 65,000 ಕಿಲೋಮೀಟರು ಉದ್ದದ ಈ ದಾರಿಗಳಲ್ಲಿ ಮಾಸಿದ ಬಣ್ಣವನ್ನು ಮತ್ತೆ ಬಳಿಯುವವರೂ ವಾಲಿದ ಕಂಬವನ್ನು ನೆಟ್ಟಗೆ ನಿಲ್ಲಿಸುವವರೂ ಬಹುಪಾಲು ಪ್ರಾಂತೀಯ ಸಂಘಗಳ ಸ್ವಯಂಸೇವಕರು.