ಎಸ್ತಾರ್: ನಿಲುವಿನ ಕ್ರಿಯಾಪದ

ಸ್ಪ್ಯಾನಿಷ್ ಕಲಿಯುವವರಿಗೆ ಬೇಗನೆ ಎದುರಾಗುವ ತೊಡಕು ‘ಇರು’ ಎಂಬರ್ಥದ ಎರಡು ಕ್ರಿಯಾಪದಗಳು: ಸೆರ್ ಮತ್ತು ಎಸ್ತಾರ್. ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್ ಎಂದು ಹೇಳಿಕೊಡುವ ರೂಢಿಯಿದೆ. ಆ ಸೂತ್ರವನ್ನು ಕೈಬಿಡುವುದೇ ಲೇಸು. ಸತ್ತವನನ್ನು ಕುರಿತು ‘ಎಸ್ತಾ ಮುಎರ್ತೊ’ ಎನ್ನುತ್ತಾರೆ. ಸಾವಿಗಿಂತ ಶಾಶ್ವತವಾದ ಸ್ಥಿತಿ ಯಾವುದು? ಮ್ಯಾಡ್ರಿಡ್ ಸ್ಪೇನಿನಲ್ಲಿದೆ ಎನ್ನಲೂ ಎಸ್ತಾರ್ ಬೇಕು. ಕಳೆದುಹೋಗುವ ಯೌವನಕ್ಕೋ ‘ಎಸ್ ಹೋವೆನ್’ ಎಂದು ಸೆರ್ ಬರುತ್ತದೆ. ಪದದ ಮೂಲವೇ ಇದಕ್ಕಿಂತ ಒಳ್ಳೆಯ ದಾರಿ ತೋರಿಸುತ್ತದೆ. ಎಸ್ತಾರ್ ಹುಟ್ಟಿದ್ದು ‘ನಿಲ್ಲು’ ಎಂಬರ್ಥದ ಲ್ಯಾಟಿನ್ ‘ಸ್ತಾರೆ’ಯಿಂದ. ಸಂಸ್ಕೃತದ ‘ಸ್ಥಾ’ ಧಾತು ಅದರ ದೂರದ ಬಂಧು; ಸ್ಥಾನ, ಸ್ಥಿತಿ ಎಂಬ ನಮ್ಮ ನಿತ್ಯದ ಮಾತುಗಳು ಅಲ್ಲಿಂದಲೇ ಬಂದವು. ಎಸ್ತಾರ್ ಹೇಳುವುದೂ ಮುಖ್ಯವಾಗಿ ಈ ಎರಡನ್ನೇ.

ಹಾಗಿದ್ದರೆ ಔತಣ ಎಲ್ಲಿ ಎಂದು ಹೇಳುವಾಗ ಸೆರ್ ಏಕೆ, ಅದೂ ಸ್ಥಾನವೇ ಅಲ್ಲವೇ ಎಂದು ಕೇಳಬಹುದು. ಔತಣ ಒಂದೆಡೆ ನಿಂತಿರುವ ವಸ್ತುವಲ್ಲ, ನಡೆಯುವ ಸಂಗತಿ. ಆದ್ದರಿಂದ ಈ ಅಪವಾದವೂ ಮೂಲಾರ್ಥಕ್ಕೆ ಒಪ್ಪುತ್ತದೆ. ಕನ್ನಡಿಗರಿಗಂತೂ ಇನ್ನೊಂದು ಆಸರೆಯಿದೆ. ‘ವೈದ್ಯನಲ್ಲ’, ‘ಮನೆಯಲ್ಲಿಲ್ಲ’ ಎನ್ನುವಾಗ ನಾವು ಅಲ್ಲ, ಇಲ್ಲಗಳನ್ನು ಬೆರೆಸುವುದಿಲ್ಲ. ಮೊದಲನೆಯದಕ್ಕೆ ಸ್ಪ್ಯಾನಿಷಿನಲ್ಲಿ ‘ನೊ ಎಸ್’, ಎರಡನೆಯದಕ್ಕೆ ‘ನೊ ಎಸ್ತಾ’. ಗುಣವಾಚಕಗಳ ಬಳಿ ಈ ಹೋಲಿಕೆ ಕೈಕೊಡುತ್ತದೆ, ನಿಜ; ಅಲ್ಲಿ ಮತ್ತೆ ಮೂಲಾರ್ಥವನ್ನೇ ನಂಬಬೇಕು.