ಕಾಸರಗೋಡಿನ ಮತದಾರನ ಮಾತು

ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಪಡುವಣ ಕಡಲ ಮಗ್ಗುಲಲ್ಲಿರುವ ಕಾಸರಗೋಡು ಪಟ್ಟಣವು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ಕನ್ನಡಿಗರಿಗೆ ಮತವೇ ಮನವಿಪತ್ರವಾಯಿತು. 1957ರಲ್ಲಿ ನೆರೆಯ ಮಂಜೇಶ್ವರವು ಪಕ್ಷೇತರರಾದ ಎಂ. ಉಮೇಶರಾಯರನ್ನು ವಿಧಾನಸಭೆಗೆ ಅವಿರೋಧವಾಗಿ ಆರಿಸಿ ಕಳುಹಿತು. ಕರ್ನಾಟಕ ಸಮಿತಿಯ ಬೆಂಬಲದಿಂದ 1960ರಲ್ಲಿ ಅಲ್ಲಿ ಕೆ. ಮಹಾಬಲ ಭಂಡಾರಿಯವರೂ, 1967ರಲ್ಲಿ ಕಾಸರಗೋಡಿನಲ್ಲಿ ಯು. ಪಿ. ಕುಣಿಕುಳ್ಳಾಯರೂ ಗೆದ್ದರು. ಅದೇ ವರ್ಷ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರಭಾಗವು ಮೈಸೂರಿಗೆ ಸೇರತಕ್ಕದ್ದೆಂದಿತು; ಆದರೆ ಆ ವರದಿಯು ಜಾರಿಗೆ ಬರಲಿಲ್ಲ.

ಆಸೆಯು ಸೊರಗಿದಂತೆ ಮತಗಳೂ ಪಕ್ಷಗಳಲ್ಲಿ ಹಂಚಿಹೋದವು. 1980ರಿಂದ 2021ರವರೆಗಿನ ಪ್ರತಿಯೊಂದು ಸಾರ್ವತ್ರಿಕ ಚುನಾವಣೆಯಲ್ಲಿಯೂ ಕಾಸರಗೋಡಿನ ವಿಧಾನಸಭಾ ಸ್ಥಾನವು ಮುಸ್ಲಿಂ ಲೀಗಿನದಾಯಿತು. ಪಕ್ಷ ಯಾವುದೇ ಇರಲಿ, ಮತ ಕೇಳಬಂದವರನ್ನು ನಮ್ಮ ಕನ್ನಡ ಶಾಲೆಯ ಗತಿಯೇನೆಂದು ಕೇಳುವ ಹಕ್ಕು ಇಂದಿಗೂ ನಮ್ಮದೇ.